ಎಡ ಹಣೆಗೆ ಮ್ಯಾಗ್ನೆಟ್

3 ಫೆಬ್ರುವರಿ 2009, ಮಂಗಳವಾರ. ಹೈದರಾಬಾದ್

ಎದ್ದೆ. ಚಹಾ. ಗುಳಿಗೆ. ಆಟೋ. ಆಸ್ಪತ್ರೆ. ಇವತ್ತು ಎರಡನೇ ದಿನ.

ಕುರ್ಚಿ ಕಟಿಂಗ್ ಅಂಗಡಿಯದರ ಹಾಗೆ, ಹಿಂದಕ್ಕೆ ಒರಗುತ್ತದೆ. ಎಡ ಹಣೆಯ ಮೇಲೆ ಎಂಟರ ಆಕಾರದ ಕಾಯಿಲ್ ಒತ್ತಿ ಇಡುತ್ತಾರೆ. ಅದರಿಂದ ಮ್ಯಾಗ್ನೆಟ್ ಶಕ್ತಿ ಮಿದುಳಿಗೆ ಹೋಗುತ್ತದಂತೆ. ಟಕ್ ಟಕ್ ಟಕ್... ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್ ಟಕ್. ಹುಬ್ಬು ಅದುರುತ್ತದೆ. ನೋವು ಇದೆ, ತಡೆಯುವಷ್ಟು. ಎಚ್ಚರ ತಪ್ಪಿಸುವುದಿಲ್ಲ. ಮುಗಿದ ಮೇಲೆ ನಾನೇ ಎದ್ದು ನಡೆದು ಬಂದೆ.

ನಿನ್ನೆ ಶುರುವಾಗುವುದೇ ಅನುಮಾನವಿತ್ತು. ತಲೆಯಲ್ಲಿ, ಕಣ್ಣಲ್ಲಿ ಕಬ್ಬಿಣದ ಚೂರು ಏನಾದರೂ ಇದೆಯಾ ಅಂತ ಡಾಕ್ಟರಮ್ಮ ಕೇಳಿದರು. ಇಲ್ಲ ಅಂದೆ. ಪಕ್ಕದಲ್ಲಿದ್ದ ಹೆಂಡತಿ ಮಹಾದೇವಮ್ಮ ತಡೆದಳು.

"ಇಲ್ಲ ಹ್ಯಾಂಗ್ರಿ? ಕಲ್ಲ ಒಡಿಯೂಮುಂದ ಉಳಿ ಚೂರು ಸಿಡದು ಕಣ್ಣಾಗ ಹೋಗಿತ್ತಲ್ರಿ!"

ನಿಜ. ಬಹಳ ಹಿಂದಿನದು, ಮರೆತಿದ್ದೆ. ಚೂರು ಒಳಗೇ ಉಳಿದಿದ್ದರೆ ಈ ಮಷೀನ್ ಕೊಡುವ ಹಾಗಿಲ್ಲ. ಗುಳಿಗೆಗಳನ್ನೆಲ್ಲ ಬದಲಿಸಿ ನೋಡಿಯಾಗಿದೆ, ಒಂದೂ ಹತ್ತಿಲ್ಲ. ಎಕ್ಸ್‌ರೇ ಮಾಡಿದರು. ವರದಿ ಬರುವವರೆಗೆ ಇವಳು ಕೊರಳಿನ ಲಿಂಗ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ನನಗೆ ಅಂಜಿಕೆಯೂ ಆಗಲಿಲ್ಲ. ಎರಡು ವರ್ಷದಿಂದ ಏನೂ ಆಗುವುದಿಲ್ಲ.

ಕಣ್ಣು ಸ್ವಚ್ಛ ಅಂದರು. ಇವಳು ಅತ್ತಳು. ನಾನು ಗೋಡೆ ನೋಡಿದೆ.

ಹೀಗೆ ಬರೆಯಲು ಹೇಳಿದ್ದು ಡಾಕ್ಟರಮ್ಮನೇ. ಯಾರಿಗೂ ತೋರಿಸಬೇಕಿಲ್ಲವಂತೆ.

8 ಫೆಬ್ರುವರಿ, ರವಿವಾರ. ಶಹಾಬಾದ

ಶನಿವಾರ, ರವಿವಾರ ಮಷೀನ್ ಇಲ್ಲ. ಊರಿಗೆ ಬಂದಿದ್ದೇವೆ.

ನಮ್ಮ ಫರಸಿ ಕಲ್ಲಿನ ಯಾರ್ಡಿಗೆ ಹೋದೆ. ಪಾಲಿಶ್ ಮಷೀನ್ ಓಡುತ್ತಿತ್ತು, ಬೂದು ನೀರು ಹರಿಯುತ್ತಿತ್ತು. ನಾನು ಮೂಲೆ ಹಿಡಿದಾಗಿನಿಂದ ಎಲ್ಲಾ ನೋಡಿಕೊಳ್ಳುತ್ತಿರುವುದು ಮೇಸ್ತ್ರಿ ಬಂದೇಅಲಿ. "ಸೊಂಟ ಹ್ಯಾಂಗದರಿ ಸಾವ್ಕಾರ್ರ?" ಅಂದ. ಊರಿಗೆಲ್ಲ ಹೇಳಿರುವುದು ಸೊಂಟನೋವು ಅಂತ, ಮನಸ್ಸಿನ ಜಡ್ಡು ಅಂತ ಹೇಳಿಲ್ಲ. ಅಡ್ಡಿಯಿಲ್ಲ ಅಂದೆ. ವಾಪಸ್ ಬಂದು ಮಲಗಿದೆ.

ಬದಲಾವಣೆ—ಇಲ್ಲ.

12 ಫೆಬ್ರುವರಿ, ಗುರುವಾರ. ಹೈದರಾಬಾದ್

ಸಾಕು, ನಾಳೆಯಿಂದ ಬರುವುದಿಲ್ಲ ಅಂದೆ. ಮಷೀನ್ ನಡೆಸುವ ಗುಲಾಮ ದಸ್ತಗೀರ ಕಾಯಿಲ್ ಪಕ್ಕಕ್ಕೆ ಸರಿಸಿದ.

"ನಾನೂ ಚಿಂಚೋಳಿ ಕಡಿಯವನ ಇದೀನ್ರಿ. ನಿಮಗ ಸುಳ್ಳ ಹೇಳಂಗಿಲ್ಲ. ಇದು ಎಲ್ಲಾರಿಗೂ ಹತ್ತಂಗಿಲ್ಲ. ಹತ್ತವರಿಗೂ ಟೈಮ್ ಹಿಡೀತದ. ಅರ್ಧಕ್ಕ ಬಿಟ್ರ ಹತ್ತೂದೋ ಇಲ್ಲೋ ಗೊತ್ತರ ಹ್ಯಾಂಗಾಗ್ಬೇಕು?"

ನಿನಗೆ ಗುಣ ಆಗೇ ಆಗುತ್ತದೆ ಅಂತ ಹೇಳದೆ ಇದ್ದವನು ಇವನೊಬ್ಬನೇ. ಮತ್ತೆ ಒರಗಿದೆ. ಟಕ್ ಟಕ್...

19 ಫೆಬ್ರುವರಿ, ಗುರುವಾರ

ಇವತ್ತು ಜಗಳ ಆಯಿತು.

ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಊಟಕ್ಕೆ ಕೂತೆವು. ಇಲ್ಲಿಯ ಅಂಗಡಿಯ ಜೋಳದ ಹಿಟ್ಟಿನಲ್ಲಿ ಇವಳು ರೊಟ್ಟಿ ಬಡಿದಿದ್ದಳು. ಒಂದು ತುತ್ತು ಬಾಯಿಗಿಟ್ಟೆ. ಸಿಟ್ಟು ನೆತ್ತಿಗೇರಿತು.

"ಏನ್ ರೊಟ್ಟಿನೇ ಇದು! ಹಿಟ್ಟು ಹಳೇದು, ಕಹಿ ಆಗ್ಯದ. ತರೂಮುಂದ ನೋಡಿ ತರಬಾರದಾ? ಯಾರ್ ತಿಂತಾರ ಇದನ್ನ?"

ತಟ್ಟೆ ಸರಿಸಿದೆ. ತಿರುಗಿ ಬೈಯುತ್ತಾಳೆ ಅಂತ ಕಾದೆ. ಇವಳು ನನ್ನನ್ನೇ ನೋಡುತ್ತಿದ್ದಳು. ನಕ್ಕಳು. ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಒತ್ತಿಕೊಂಡಳು.

"ಯಾಕ ನಗ್ತಿ?"

"ಎರಡ ವರ್ಷ ಆತ್ರಿ, ನಾ ಏನ್ ಹಾಕಿದ್ರೂ ಸುಮ್ನ ನುಂಗಿ ಎದ್ದೀರಿ. ಉಪ್ಪ ಹಾಕೂದು ಮರ್ತಾಗೂ ಒಂದ ಮಾತ ಅಂದಿಲ್ಲ. ಬೈರಿ. ಇನ್ನೊಂದೀಟು ಬೈರಿ!"

ಬೈಯಲು ಆಗಲಿಲ್ಲ. ನನಗೂ ನಗು ಬಂತು. ರೊಟ್ಟಿ ನಿಜವಾಗಿಯೂ ಕಹಿ ಇತ್ತು—ಕಹಿ ಅಂತ ನನ್ನ ನಾಲಿಗೆಗೆ ಗೊತ್ತಾಗಿತ್ತು. ಹೊರಗೆ ಹೋಗಿ ಇಬ್ಬರೂ ದೋಸೆ ತಿಂದೆವು.

23 ಫೆಬ್ರುವರಿ, ಸೋಮವಾರ. ಶಿವರಾತ್ರಿ

ನಿದ್ದೆಗೆಡಬಾರದು, ಕೆಟ್ಟರೆ ಮಷೀನಿನಿಂದ ಫಿಟ್ಸ್ ಬರುವ ಅಪಾಯ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ಜಾಗರಣೆ ಇಲ್ಲ. "ನಿಮ್ಮ ಪಾಲಿಂದೂ ನಾನೇ ಎಚ್ಚರ ಇರ್ತೀನಿ, ಮಕ್ಕೊಳ್ರಿ" ಅಂತ ಇವಳು. ಒಂಬತ್ತಕ್ಕೆಲ್ಲ ನಿದ್ದೆ ಬರಲಿಕ್ಕೆ ಹತ್ತಿದೆ. ಬರೆಯುತ್ತಲೇ ಕಣ್ಣು...

28 ಫೆಬ್ರುವರಿ, ಶನಿವಾರ. ಶಹಾಬಾದ

ನಿನ್ನೆ ಕೊನೆಯ ದಿನ. ಗುಳಿಗೆ ಒಂದೇ ಒಂದು ಮುಂದುವರಿಯುತ್ತದೆ. ತಿಂಗಳಿಗೊಮ್ಮೆ ತೋರಿಸಬೇಕು. ಜಡ್ಡು ಮತ್ತೆ ಬರಬಹುದು, ಬಂದರೆ ಕೂಡಲೇ ಬನ್ನಿ ಅಂದರು.

ಸಂಜೆ ಯಾರ್ಡಿನಲ್ಲಿ ಹೊಸ ಮಾಲು ಇಳಿಯುತ್ತಿತ್ತು. ಒಂದು ಹಾಸು ಕಲ್ಲಿನ ಮೇಲೆ ಕೈ ಆಡಿಸಿದೆ. ಇದನ್ನ ಪಾಲಿಶಿಗೆ ಕೊಡಬ್ಯಾಡ, ಪದರ ಏಳ್ತದ ಅಂದೆ. ಬಂದೇಅಲಿ ಕಲ್ಲು ನೋಡಲಿಲ್ಲ, ನನ್ನ ಮುಖ ನೋಡಿದ. "ಆತ್ರಿ ಸಾವ್ಕಾರ್ರ" ಅಂದು ಬೇಗ ಆ ಕಡೆ ತಿರುಗಿದ.

15 ಮಾರ್ಚ್, ರವಿವಾರ. ಸೇಡಂ

ಇವಳ ತಂಗಿಯ ಮಗಳ ನಿಶ್ಚಯ. ಎರಡು ವರ್ಷದಲ್ಲಿ ನಾನು ಹೋದ ಮೊದಲ ಕಾರ್ಯ. ಊಟದ ಪಂಕ್ತಿಯಲ್ಲಿ ನನ್ನ ಸೋದರಮಾವ ಗುರುಲಿಂಗಯ್ಯನವರು ಎದುರಿಗೆ. ಕಿವಿ ಮಂದ, ದನಿ ದೊಡ್ಡದು.

"ಸೊಂಟ ಆರಾಮ ಆತೇನೋ?"

ಹೂಂ ಅಂದರೆ ಮುಗಿಯುತ್ತಿತ್ತು. ಅನ್ನಲು ಮನಸ್ಸಾಗಲಿಲ್ಲ.

"ಸೊಂಟ ಅಲ್ರಿ ಮಾವಾ. ಮನಸ್ಸಿಗಿ ಜಡ್ಡ ಬಂದಿತ್ತು. ತಲಿಗಿ ಮ್ಯಾಗ್ನೆಟ್ ಕೊಟ್ರು. ಈಗ ಆರಾಮ."

ಬಡಿಸುವವನ ಸೌಟು ಅಲ್ಲೇ ನಿಂತಿತು. ಮಹಾದೇವಮ್ಮ ದೂರದಿಂದ ನೋಡುತ್ತಿದ್ದಳು.

ಮಾವ ತಮ್ಮ ಚಮಚ ಎತ್ತಿ ಬಗ್ಗಿ ನನ್ನ ಹಣೆಗೆ ತಾಗಿಸಿದರು. ಬಿಟ್ಟರು. ಚಮಚ ಹೋಳಿಗೆಯ ಮೇಲೆ ಬಿತ್ತು.

"ಅಂಟ್ಕೊಳ್ಳವಲ್ದಲ್ಲೋ!"

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ನಾನೂ. ಆಮೇಲೆ ಅದರ ಮಾತೇ ಇಲ್ಲ. ಮಾವ ಮಾತ್ರ ಹೋಗುವಾಗ ಭುಜ ಹಿಡಿದು, ಅವರ ಮಟ್ಟಿಗೆ ಸಣ್ಣ ದನಿಯಲ್ಲಿ, "ಮೊದಲೇ ಹೇಳಬಾರದೇನೋ, ಹುಚ್ಚಪ್ಪಾ" ಅಂದರು. ಕಣ್ಣು ತುಂಬಿತ್ತು.

5 ಜುಲೈ, ರವಿವಾರ. ಶಹಾಬಾದ

ಮೂರೂವರೆ ತಿಂಗಳು ಬರೆದೇ ಇಲ್ಲ. ಕೆಲಸ. ಬರೆಯುವ ಅಗತ್ಯ ಬೀಳಲಿಲ್ಲ.

ಇವತ್ತು ಏಳಲು ಮನಸ್ಸಾಗಲಿಲ್ಲ. ಬಂತೇ ಮತ್ತೆ ಆ ಜಡ್ಡು? ಇವಳನ್ನು ಕೂಗಿದೆ.

"ನಿನ್ನಿ ಮಳ್ಯಾಗ ಲಾರಿ ಜಾರಿ ಅರ್ಧ ಮಾಲು ಒಡದು ಕುಂತದ. ಯಾರಿಗಿ ಬ್ಯಾಸರ ಆಗಲ್ರಿ? ನನಗೂ ಆಗ್ಯದ. ಇದು ಜಡ್ಡ ಅಲ್ಲ. ಏಳ್ರಿ, ಮಿರ್ಚಿ ಕರೀಲಿಕತ್ತೀನಿ."

ಎದ್ದೆ. ತಿಂದೆ. ಸಂಜೆಯವರೆಗೂ ಬೇಸರ ಇತ್ತು, ಆದರೆ ಅದಕ್ಕೊಂದು ಕಾರಣವಿತ್ತು. ಕಾರಣವಿರುವ ಬೇಸರ ಎಷ್ಟು ಹಗುರ!

12 ಜುಲೈ, ರವಿವಾರ

ಆಳುಗಳೆಲ್ಲ ಹೋದರೂ ಬಂದೇಅಲಿ ನಿಂತೇ ಇದ್ದ. ಸೇಡಂನಲ್ಲಿ ನಾನು ಹೇಳಿದ್ದು ಇವನ ಕಿವಿಗೂ ಬಿದ್ದಿತ್ತು.

"ಸಾವ್ಕಾರ್ರ, ನಮ್ಮಾಕಿ ತಾಜುನ್ನಿಸಾ ಒಲಿ ಮುಂದ ಕುಂತ್ರ ಕುಂತೇ ಬಿಡ್ತಾಳ್ರಿ. ಅನ್ನ ಹೊತ್ತಿದ್ರೂ ತಿಳಿಯಂಗಿಲ್ಲ. ಬ್ಯಾಸಗಿಯಿಂದ ಹಿಂಗೇ ಅದ. ನಿಮ್ಮ ಮಷೀನ್ ಹೆಣ್ಮಕ್ಕಳಿಗೂ ನಡೀತದೇನ್ರಿ?"

"ಮೊದಲ ಡಾಕ್ಟರಮ್ಮಗ ತೋರಸೂಣು. ಭಾಳ ಮಂದಿಗಿ ಗುಳಿಗೀನೇ ಸಾಕಾಗ್ತದಂತ. ನಾನೂ ಬರ್ತೀನಿ."

ಹೋದ ವರ್ಷ ನೀರು ತುಂಬಿದ ಹಳೆ ಕಲ್ಲಿನ ಖಣಿಯ ಅಂಚಿಗೆ ಹೋಗಿ ನಿಂತಿದ್ದೆ. ಇವನು ಹಿಂದೆಯೇ ಬಂದು, ಏನೂ ಕೇಳದೆ ಪಕ್ಕದಲ್ಲಿ ಕೂತು ಬೀಡಿ ಸೇದಿ, "ನಡೀರಿ, ಹಸಿವಾಗ್ಯದ" ಅಂತ ಕರೆದುಕೊಂಡು ಬಂದಿದ್ದ. ಇವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನನ್ನ ಮುಂದೆಯೂ.

20 ಜುಲೈ, ಸೋಮವಾರ. ಬೆಳಿಗ್ಗೆ 7. ವಾಡಿ ಸ್ಟೇಷನ್

ಹೈದರಾಬಾದ್ ಗಾಡಿ ಲೇಟು. ಬಂದೇಅಲಿ ಚಹಾ ತರಲು ಹೋಗಿದ್ದಾನೆ. ಬೆಂಚಿನ ಮೇಲೆ ಮಹಾದೇವಮ್ಮ, ಅವಳ ಪಕ್ಕ ತಾಜುನ್ನಿಸಾ. ಮಳೆ ನಿಂತು ಬಿಸಿಲು ಬಿದ್ದಿದೆ. ಎಷ್ಟು ಚಂದ ಅನ್ನಿಸಿತು. ತಾಜುನ್ನಿಸಾಳಿಗೆ ಇದು ಕಾಣುತ್ತಿಲ್ಲ, ಗೊತ್ತು.

ಶಹಾಬಾದದಿಂದ ಇಲ್ಲಿಯವರೆಗೆ ತಲೆ ತಗ್ಗಿಸಿಕೊಂಡೇ ಬಂದಿದ್ದಳು. ಈಗ ತಲೆ ಎತ್ತಿದಳು.

"ಅಣ್ಣಾ, ನೀವು ಅಲ್ಲಿಂದ ಹ್ಯಾಂಗ ಬಂದ್ರಿ?"

ಆಸ್ಪತ್ರೆಯ ಮಾತಲ್ಲ ಅವಳು ಕೇಳಿದ್ದು, ಅವಳು ಈಗ ಇರುವ ಜಾಗದ್ದು. ಮಹಾದೇವಮ್ಮ ನನಗೆ ಜಾಗ ಬಿಟ್ಟು ಆಚೆ ಸರಿದಳು. ಹೋಗಿ ಕೂತು ಹೇಳಬೇಕು. ಎಲ್ಲಿಂದ ಶುರು ಮಾಡಲಿ... ಮೊದಲು ಆ ಕಹಿ ರೊಟ್ಟಿಯದು.