ಎಂಟನೆಯ ದಿನದ ನೀರು

ತೀರ್ಥರೂಪ ಅತ್ತೆ ತುಳಸೀಬಾಯಿಯವರಿಗೆ,

ನಮಸ್ಕಾರವನ್ನು ಇಲ್ಲಿ ಬರೆಯುವುದಿಲ್ಲ. ದಿನಾ ಬೆಳಿಗ್ಗೆ ಬಗ್ಗಿ ನಿಮ್ಮ ಕಾಲು ಮುಟ್ಟುತ್ತೇನಲ್ಲ, ಅಷ್ಟು ಸಾಕು. ನೀವು ನಡುಮನೆಯಲ್ಲಿ ಕೆಮ್ಮುತ್ತ ಮಲಗಿದ್ದೀರಿ. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನಿಮಗೇ ಪತ್ರ ಬರೆಯುತ್ತಿದ್ದೇನೆ. ಹೊಸ್ತಿಲ ಮೇಲೆ ಕೂಡಬಾರದು ಎಂದು ಮದುವೆಯಾಗಿ ಬಂದ ಮರುದಿನವೇ ಗದರಿಸಿದ್ದಿರಿ. ಈಗ ನಿಮಗೆ ಕಾಣುವುದಿಲ್ಲ. ಕಣ್ಣು ಹೋಗಿ ಮೂರು ವರ್ಷವಾಯಿತು. ಅಂದಿನಿಂದ ನಿಮಗೆ ಬಂದ ಮದುವೆ ಕಾರ್ಡು, ಮಠದ ಕಾಗದ, ಪಂಚಾಂಗದ ತಿಥಿ ಎಲ್ಲವನ್ನೂ ಓದಿ ಹೇಳುವವಳು ನಾನು. ಈ ಪತ್ರವನ್ನೂ ನಾನೇ ಓದಬೇಕು. ಬರೆದದ್ದನ್ನೇ ಓದಿದೆನೋ, ನಡುವೆ ಏನಾದರೂ ನುಂಗಿಕೊಂಡೆನೋ, ಅದು ನಿಮಗೆ ತಿಳಿಯುವ ದಾರಿಯೇ ಇಲ್ಲ.

ಮೊದಲು ಹೊರಗಿನ ಸುದ್ದಿ ಹೇಳುತ್ತೇನೆ. ಚಳಿ ಹೋಯಿತು. ಹಿತ್ತಲ ಬೇವು ಎಲೆ ಉದುರಿಸಿ ಕೆಂಪು ಚಿಗುರು ಬಿಟ್ಟಿದೆ. ಕೌದಿಗಳನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಹರವಿದ್ದೇನೆ, ಮಧ್ಯಾಹ್ನಕ್ಕೆ ಗರಿಗರಿಯಾಗಿ ಒಣಗುತ್ತವೆ. ಹುಣಸೆಹಣ್ಣು ಬಡಿದು ಬೀಜ ತೆಗೆಯಬೇಕು, ಮೆಣಸಿನಕಾಯಿಗೆ ಬಿಸಿಲು ತೋರಿಸಬೇಕು. ಈ ಬಸವನ ಬಾಗೇವಾಡಿಯ ಮನೆಯಲ್ಲಿ ನನಗೆಂದು ಇದ್ದ ಸುಖ ಇಷ್ಟೇ. ಚಳಿಯ ಕೊನೆಗೆ ಬೆನ್ನಿಗೆ ಬಿಸಿಲು ಹಚ್ಚಿಕೊಂಡು ಕುಳಿತು ಕೈಗೆ ಸಿಕ್ಕಿದ್ದನ್ನು ಬಿಡಿಸುವುದು, ಬಿಡಿಸುತ್ತ ನಾಲ್ಕು ಬಾಯಿಗೆ ಹಾಕಿಕೊಳ್ಳುವುದು. ಅದನ್ನೂ ನೀವು ಹೇಗೆ ಕಸಿದುಕೊಂಡಿರಿ ಎಂದು ನಿಮಗೆ ನೆನಪಿದೆಯೋ ಇಲ್ಲವೋ. ನನಗಿದೆ.

ಇಪ್ಪತ್ತೈದು ವರ್ಷದ ಹಿಂದಿನ ಮಾಘ ಮಾಸ. ಮುದ್ದೇಬಿಹಾಳದ ತವರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಐದು ತಿಂಗಳ ಬಸುರಿ. ಮಗ್ಗುಲ ಮನೆಗೆ ಕಾಸಿಂಸಾಬರ ಸೊಸೆಯಾಗಿ ಬಂದ ಸಗೀರಾ ನನ್ನದೇ ವಯಸ್ಸಿನವಳು. ಹಿತ್ತಲ ಗೋಡೆ ಎದೆಮಟ್ಟ ಇತ್ತು. ಆ ಬೆಳಿಗ್ಗೆ ಅವಳು ಹೊಲದಿಂದ ತಂದ ಹಸಿಕಡಲೆಯ ಗಿಡವನ್ನು ಒಣಗಿದ ಜೋಳದ ರವದಿಯ ಬೆಂಕಿಯಲ್ಲಿ ಸುಡುತ್ತಿದ್ದಳು. ಸುಲಗಾಯಿಯ ಆ ವಾಸನೆ! ಬಸುರಿಯ ಮೂಗಿಗೆ ಬಿದ್ದರೆ ಸುಮ್ಮನಿರಲು ಸಾಧ್ಯವೇ? ನಾನು ಬಾಯಿ ಬಿಟ್ಟು ಕೇಳಲಿಲ್ಲ. ಅವಳೇ ಗೋಡೆಯ ಮೇಲಿಂದ ಕೈ ಚಾಚಿ, "ತಗೋರಿ ಅಕ್ಕಾರ, ಹೊಟ್ಯಾಗಿನ ಕೂಸು ಕೇಳಾಕತ್ತೈತಿ" ಎಂದು ಒಂದು ಬೊಗಸೆ ಸುರಿದಳು. ಅಲ್ಲಿಯೇ ನಿಂತು ತಿಂದೆ. ತುಟಿಯೆಲ್ಲ ಕಪ್ಪಾಯಿತು. ತಿರುಗಿದರೆ ತುಳಸಿಕಟ್ಟೆಯ ಹತ್ತಿರ ನೀವು.

ಬೈಯಲಿಲ್ಲ ನೀವು. ಬೈದಿದ್ದರೆ ಎಷ್ಟೋ ಚಲೋ ಇತ್ತು. "ಹೆಂಗೂ ಮಾಘಸ್ನಾನ ನಡದದ. ಎಂಟು ದಿನ ತಣ್ಣೀರು ಹಾಕ್ಕೊ, ಶುದ್ಧ ಆಗ್ತೀ" ಎಂದಿರಿ. ಬಾವಿಯಿಂದ ಆಗಷ್ಟೇ ಸೇದಿದ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಎಂದು ನಿಮಗೆ ಗೊತ್ತಿತ್ತು. ಅದಕ್ಕೇ ಸಂಜೆಯೇ ಸೇದಿಸಿ, ಎರಡು ತಾಮ್ರದ ಕೊಡಗಳನ್ನು ಬಯಲು ಅಂಗಳದಲ್ಲಿ ಇಡಿಸುತ್ತಿದ್ದಿರಿ. ಬೆಳಕು ಹರಿಯುವ ಮೊದಲು ಬಚ್ಚಲ ಕಲ್ಲಿನ ಮೇಲೆ ಕೂಡಿಸಿ ನೀವೇ ಸುರಿಯುತ್ತಿದ್ದಿರಿ. ಆರನೆಯ ದಿನ ಜ್ವರ ಬಂತು. "ಇನ್ನೆರಡಽ ದಿನ" ಎಂದಿರಿ. ಒಂಬತ್ತನೆಯ ದಿನ ಕೂಸು ಹೋಯಿತು. ಡಾಕ್ಟರು ಏನೇನೋ ಕಾರಣ ಹೇಳಿದರು, ನನಗೆ ಅದೊಂದೂ ತಲೆಗೆ ಹೋಗಲಿಲ್ಲ. ನಿಮ್ಮ ಮಾತು ಮಾತ್ರ ಹೋಯಿತು. ಹಾಸಿಗೆಯ ಹತ್ತಿರ ಬಂದು ನಿಂತು ಅಂದಿರಿ: "ತಿಂದದ್ದಕ್ಕ ಹೋತು."

ಆಮೇಲೆ ನನ್ನ ಹೊಟ್ಟೆ ಮತ್ತೆ ತುಂಬಲಿಲ್ಲ. ನಿಮ್ಮ ಮಗ ಜಯತೀರ್ಥ ಒಳ್ಳೆಯವರು, ಮಸೂತಿ ಊರಿನ ಹೈಸ್ಕೂಲಿಗೆ ಬಸ್ಸು ಹಿಡಿದು ಹೋಗಿ ಪಾಠ ಮಾಡಿ ಬರುತ್ತಾರೆ, ಮನೆಯಲ್ಲಿ ಯಾರ ಕಡೆಗೂ ಮಾತಾಡುವುದಿಲ್ಲ. ಅಂಥ ಒಳ್ಳೆಯತನಕ್ಕೆ ಬೆಂಕಿ ಹಚ್ಚಬೇಕು ಎಂದು ಎಷ್ಟು ಸಲ ಅನ್ನಿಸಿದೆ ನನಗೆ.

ನಿಮ್ಮ ಕಣ್ಣು ಹೋದ ದಿನ ನಾನು ಅತ್ತೆ. ಅದು ದುಃಖದ ಅಳು ಅಂದುಕೊಂಡು ನೀವು ತಲೆ ನೇವರಿಸಿದಿರಿ. ಅಂದಿನಿಂದ ನಿಮ್ಮ ಮಡಿ ನನ್ನ ಬಾಯಿಗೆ ಬಂದು ಕುಳಿತಿತು. ತಾಟಿನ ಮುಂದೆ ಕುಳಿತು, "ಮಡೀಲೆ ಮಾಡೀಯೇನವಾ?" ಎಂದು ಕೇಳುತ್ತೀರಿ. "ಹೌದ್ರೀ" ಎನ್ನುತ್ತೇನೆ. ನೀವು ಉಣ್ಣುತ್ತೀರಿ. ಎಂಬತ್ತು ವರ್ಷ ಕಾಯ್ದುಕೊಂಡು ಬಂದ ಮಡಿ ಕಡೆಗೆ ನನ್ನ ಒಂದು "ಹೌದ್ರೀ"ಗೆ ಬಂದು ನಿಂತಿತಲ್ಲ! ಒಂದು ವಾರ ಸುಮ್ಮನೆ ಇದ್ದೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಸಗೀರಾಳನ್ನು ಕರೆದೆ. "ಅತ್ತೆಯವರಿಗೆ ಈಗ ಮೊದಲಿನ ಹಟ ಇಲ್ಲ, ನಿನ್ನ ಕೈಯ ಶಾವಿಗೆ ಬೇಕಂತೆ" ಎಂದು ಸುಳ್ಳು ಹೇಳಿದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಖರೇನ್ರಿ? ಅವ್ವಾರು ಕೇಳಿದ್ರಾ?" ಎಂದು ನಾಲ್ಕು ಸಲ ಕೇಳಿದಳು.

ನೀರು ಬಿದ್ದ ಹಿಟ್ಟಿಗೆ ಮಡಿ ಬೇಕೇ ಬೇಕು ಎಂದು ಕಲಿಸಿದವರು ನೀವು. ಅವಳು ನಾದಿದ ಹಿಟ್ಟಿನ ಶಾವಿಗೆಗೆ ಹಾಲು, ಬೆಲ್ಲ ಹಾಕಿ ನಿಮಗೆ ಬಡಿಸಿದೆ. ಮಾಘದಲ್ಲಿ ಅವಳೇ ಸುಟ್ಟ ಸುಲಗಾಯಿ. ಚಟ್ನಿಪುಡಿ, ಗುರೆಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನೀವು ಬೆರಳು ಚೀಪಿ, "ಇದು ನಿನ್ನ ಕೈ ಅಲ್ಲ ಬಿಡು. ನೀ ಮಾಡಿದ್ರ ಗಂಟು ಗಂಟು ಆಗ್ತದ. ಯಾರ ಕೈಯಿದು?" ಎಂದಿರಿ. ಮೋರಟಗಿ ಆಚಾರ್ಯರ ಹೆಂಡತಿ ಕಳಿಸುತ್ತಾರೆ ಎಂದೆ. ನೀವು ತಿನ್ನುವಾಗ ಎದುರಿಗೆ ಕುಳಿತು ಒಂದೊಂದು ತುತ್ತನ್ನೂ ನೋಡುತ್ತಿದ್ದೆ. ಇಪ್ಪತ್ತೈದು ವರ್ಷದಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಆ ಹೊತ್ತಿನಲ್ಲಿ ಮಾತ್ರ ಅತ್ತೆ, ನಿಮ್ಮ ಬಾಯಿಯಿಂದ.

ಅಷ್ಟಕ್ಕೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತೇನೋ. ಈ ಸಲ ಮಾಘದ ಭಾರತ ಹುಣ್ಣಿಮೆಯ ದಿನ ನೀವೇ ಅಂದಿರಿ: "ಮೋರಟಗಿ ಆಕೀನ್ನ ಒಮ್ಮೆ ಕರಸು. ಸಾಯೋದರಾಗ ಆ ಕೈ ಮುಟ್ಟಿ ನೋಡ್ಬೇಕು ನಾ." ನನ್ನ ಎದೆ ಹಾರಿತು. ಹೆದರಿ ಅಲ್ಲ, ಹಿಗ್ಗಿ. ಮರುದಿನ ಮಧ್ಯಾಹ್ನ ಊಟ ಮುಗಿದು ನೀವು ಮಡಿ ಬಿಟ್ಟ ಮೇಲೆ ಸಗೀರಾಳನ್ನು ಕರೆದುಕೊಂಡು ಬಂದೆ. ಇಪ್ಪತ್ತೈದು ವರ್ಷ ಗೋಡೆಯ ಆಚೆ ಬಾಳಿದವಳು ಮೊದಲ ಸಲ ನಮ್ಮ ನಡುಮನೆಗೆ ಕಾಲಿಟ್ಟಳು. ತಲೆಗೆ ಎರೆದುಕೊಂಡು, ಈದಿಗೆ ತಂದ ಸೀರೆ ಉಟ್ಟು, ಬಟ್ಟಲ ತುಂಬ ಸುಲಗಾಯಿ ಬಿಡಿಸಿ ತಂದಿದ್ದಳು.

ನೀವು ಅವಳ ಎರಡೂ ಕೈ ಹಿಡಿದು ಬೆರಳು ಬೆರಳು ಸವರಿ ಕಣ್ಣಿಗೆ ಒತ್ತಿಕೊಂಡಿರಿ. "ಅನ್ನಪೂರ್ಣೀ ಕೈಯವಾ ಇವು. ಮೋರಟಗ್ಯಾಗ ಮಳೆ ಬೆಳೆ ಹೆಂಗ?" ಎಂದು ಕೇಳಿದಿರಿ. ಪಾಪ, ಅವಳು ನಕ್ಕಳು. "ಅಯ್ಯ, ಮೋರಟಗಿ ಯಾಕ್ರಿ ಅವ್ವಾರ? ನಾ ಮಗ್ಗಲ ಮನಿ ಸಗೀರಾ. ಮೂರು ವರ್ಷ ಆತು, ನೀವಽ ಬೇಕಂತ ಕೇಳಿ ತರಸ್ಕೊಳ್ಳಾಕತ್ತೀರಿ."

ನೀವು ಕೈ ಬಿಟ್ಟಿರಿ. ಸೀರೆಯ ಸೆರಗಿಗೆ ಅಂಗೈ ಒರೆಸಿಕೊಂಡಿರಿ, ಆಮೇಲೆ ಕಣ್ಣು ಒರೆಸಿಕೊಂಡಿರಿ. ಸಗೀರಾ ಅದನ್ನು ನೋಡುತ್ತ ನಿಂತಳು. ನಾನು ಆಗಲಾದರೂ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಇಷ್ಟು ವರ್ಷ ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. "ತಿಂದದ್ದಕ್ಕ ಹೋತು ಅಂದಿದ್ರಲ್ಲ ಅತ್ಯಾ? ಮೂರು ವರ್ಷ ತಿಂದೀರಿ. ನಿಮ್ಮದೇನು ಹೋತು ಹೇಳ್ರಿ!"

ಸಗೀರಾಳಿಗೆ ಎಲ್ಲ ಅರ್ಥವಾಯಿತು. ಅವಳು ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಂದ್ರ ಇವರನ್ನ ಹೊಲಸ ಮಾಡಾಕ ನನ್ನ ಕೈ ಬೇಕಾಗಿತ್ತೇನ್ರಿ ಅಕ್ಕಾರ? ಇವರು ಬಿಡ್ರಿ, ಹಳೇ ಮಂದಿ. ನನ್ನ ಕೈ ಹೊಲಸಂತ ನೀವೂ ತಿಳಕೊಂಡೀರಿ. ಇಲ್ಲಂದ್ರ ಇದು ಸೇಡು ಹೆಂಗ ಆಗ್ತಿತ್ತು?" ಎಂದಳು. ಬಟ್ಟಲನ್ನು ಎತ್ತಿಕೊಂಡು ಹೋದಳು. ಮೂರನೆಯ ದಿನ ಅವಳ ಗಂಡ ಸಿಕಂದರ ಗೌಂಡಿಯನ್ನು ಕರೆಸಿ ಹಿತ್ತಲ ಗೋಡೆಗೆ ನಾಲ್ಕು ಸಾಲು ಇಟ್ಟಿಗೆ ಏರಿಸಿದ. ಈಗ ಆಚೆಯಿಂದ ವಾಸನೆ ಬರುತ್ತದೆ, ಕೈ ಬರುವುದಿಲ್ಲ.

ಅಂದು ಅವಳು ಹೋದ ಮೇಲೆ ನೀವು, "ಇವತ್ತ ನೀ ಖರೇ ನನ್ನ ಸೊಸಿ ಆದಿ" ಎಂದಿರಿ. ಜೀವಮಾನದಲ್ಲಿ ನೀವು ನನ್ನನ್ನು ನಿಜವಾಗಿ ಬೈದದ್ದು ಅದೊಂದೇ ಸಲ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಅಪ್ಪಣೆ ಬಂತು. "ನಾಳಿಂದ ಎಂಟು ದಿನ ನನಗ ತಣ್ಣೀರು ಹಾಕು. ನಿನಗ ಹಾಕಿದ್ನಲ್ಲ, ಹಂಗ."

ಹಾಗೆಯೇ ಹಾಕಿದೆ. ಸಂಜೆ ಸೇದಿ, ಅವೇ ಎರಡು ತಾಮ್ರದ ಕೊಡಗಳನ್ನು ಅಂಗಳದಲ್ಲಿ ಇಟ್ಟೆ. ಮೊದಲ ದಿನ ನೀವು ನಡುಗುವುದನ್ನು ನೋಡಿ ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಎರಡನೆಯ ದಿನವೂ ಆಯಿತು. ಮೂರನೆಯ ದಿನ ನಿಮ್ಮ ಬೆನ್ನು ಕಂಡಿತು. ಸುಲಿದ ಹುಣಸೆಕಾಯಿಯ ಹಾಗೆ ಗೆಣ್ಣು ಗೆಣ್ಣು ಎದ್ದಿತ್ತು. ನಾಲ್ಕನೆಯ ದಿನ ನನ್ನ ಕೈ ಏಳಲಿಲ್ಲ. ಕೊಡದ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು, ಬಾವಿಯಿಂದ ಹೊಸದಾಗಿ ಸೇದಿ ಹಾಕಿದೆ. "ಬಿಸಿ ಬೆರಸಿಯೇನು?" ಎಂದಿರಿ. "ಇಲ್ರೀ, ಬಾವಿದು" ಎಂದೆ. "ಖರೇ?" "ಖರೇ ಅತ್ಯಾ." ಮೂರು ವರ್ಷದಲ್ಲಿ ನಾನು ಹೇಳಿದ ಮೊದಲ ನಿಜ ಅದು. ನೀವು ನಂಬಲಿಲ್ಲ. "ಮತ್ತ ಒಂದನೇ ದಿನದಿಂದ" ಎಂದಿರಿ.

ಅಲ್ಲಿಂದ ಶುರುವಾಯಿತು. ಮತ್ತೆ ಕೊಡ ಹೊರಗಿಟ್ಟೆ. ಮೂರು ದಿನ ನಡೆಯಿತು, ನಾಲ್ಕನೆಯ ಬೆಳಿಗ್ಗೆ ಗಾಳಿಯೇ ತಿರುಗಿತ್ತು, ಅಂಗಳದ ನೀರೂ ಬೆಚ್ಚಗಿತ್ತು. ಮತ್ತೆ ಒಂದನೆಯ ದಿನ. ನಿಮ್ಮ ಮಗ ಕೊಡದೊಳಗೆ ಕೈ ಅದ್ದಿ, "ಬಿಸಿ ಇಲ್ಲ ಅವ್ವಾ, ಬ್ಯಾಸಗಿ ಬಂತು" ಎಂದು ಆಣೆ ಮಾಡಿದರು. "ನೀನೂ ಆಕಿ ಕಡೆಯಾಂವ" ಎಂದಿರಿ. ಡಾಕ್ಟರು ಬಂದು ಎದೆಯಲ್ಲಿ ಕಫ ಕಟ್ಟಿದೆ, ಸ್ನಾನ ನಿಲ್ಲಿಸಿ ಎಂದರು. ನೀವು ಗುಳಿಗೆ ಮುಟ್ಟಲಿಲ್ಲ. ನಿಮ್ಮ ಕೈಯಾರೆ ಸುಲಿದ ಬಾಳೆಹಣ್ಣು ಬಿಟ್ಟರೆ ಏನೂ ತಿನ್ನುವುದಿಲ್ಲ. ಬೆಳಗಾದರೆ ಗೋಡೆ ಹಿಡಿದು ಬಚ್ಚಲ ಕಲ್ಲಿಗೆ ಬಂದು ಕೂಡುತ್ತೀರಿ. ನಾನು ಹಾಕದಿದ್ದರೆ ಬಾವಿಗೆ ತಡಕಾಡುತ್ತ ಹೋಗುತ್ತೀರಿ. ಇವತ್ತಿಗೆ ಹತ್ತೊಂಬತ್ತು ದಿನ. ನಿಮ್ಮ ಪ್ರಕಾರ ಇನ್ನೂ ಒಂದನೆಯದು.

ಶಿವರಾತ್ರಿಯೂ ಮುಗಿಯಿತು ಅತ್ತೆ. ಇನ್ನು ಈ ಊರಲ್ಲಿ ನೀರು ತಣ್ಣಗಾಗುವುದು ಬರುವ ಕಾರ್ತಿಕಕ್ಕೇ. ಅಲ್ಲಿಯವರೆಗೆ ನಿಮಗೆ ಎಂಟನೆಯ ದಿನ ಬರುವುದಿಲ್ಲ. ಅದಕ್ಕೇ ಇವತ್ತು ಫ್ರಿಜ್ಜು ಖಾಲಿ ಮಾಡಿ, ತೊಳೆದು, ಬಾವಿಯ ನೀರು ತುಂಬಿದ ಹದಿನಾರು ಬಾಟಲಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅದು ಆ ಮಾಘದ ನೀರಿಗಿಂತ ತಣ್ಣಗಿರುತ್ತದೆ. ನೀವು ಖಂಡಿತ ನಂಬುತ್ತೀರಿ. ಎಂಟು ದಿನ ಮುಗಿಯುವುದು ಮೊದಲೋ, ನೀವು ಮುಗಿಯುವುದು ಮೊದಲೋ ನನಗೆ ಗೊತ್ತಿಲ್ಲ. ಇದು ಕನಿಕರವೋ ಸೇಡೋ ಎಂದು ಕೇಳಬೇಡಿ. ನನ್ನ ಮಾತನ್ನು ಈಗ ನಾನೂ ನಂಬುವುದಿಲ್ಲ.

ಇದನ್ನು ತಪ್ಪಿಸುವ ದಾರಿ ಒಂದಿದೆ. ಪತ್ರ ಓದಿ ಮುಗಿಸಿದ ಮೇಲೆ ನಾನು ಸುಮ್ಮನೆ ಕೂಡುತ್ತೇನೆ. ಆಗ ನೀವು ಒಂದು ಮಾತು ಹೇಳಿ: "ಕೂಸು ನೀ ತಿಂದದ್ದಕ್ಕ ಹೋಗಿಲ್ಲ." ಅಷ್ಟೇ. ನಾನು ನಿಮ್ಮಿಂದ ಕ್ಷಮೆ ಕೇಳುತ್ತಿಲ್ಲ, ನಿಮ್ಮನ್ನು ಕ್ಷಮಿಸುತ್ತೇನೆ ಎಂದೂ ಹೇಳುತ್ತಿಲ್ಲ. ಆ ಮಾತು ಕಿವಿಗೆ ಬಿದ್ದರೆ ಹದಿನಾರೂ ಬಾಟಲಿ ಕರಿಬೇವಿನ ಬುಡಕ್ಕೆ ಸುರಿದು, ನಿಮ್ಮ ಕಾಲು ಹಿಡಿದಾದರೂ ಬಚ್ಚಲಿಗೆ ಹೋಗದಂತೆ ತಡೆಯುತ್ತೇನೆ.

ಇಲ್ಲಿಯವರೆಗೆ ಬರೆದದ್ದು ಸಂಜೆ. ದೀಪ ಹಚ್ಚಿ, ನಿಮ್ಮ ಮಂಚದ ಹತ್ತಿರ ಕುಳಿತು ಇಷ್ಟನ್ನೂ ಓದಿದೆ. ಒಂದಕ್ಷರ ನುಂಗಲಿಲ್ಲ. ನೀವು ಪೂರ್ತಿ ಕೇಳಿದಿರಿ. ಕೆಮ್ಮಿದಿರಿ. ಆಮೇಲೆ ನನ್ನ ಕಡೆ ಮುಖ ತಿರುಗಿಸಿ ಒಂದೇ ಮಾತು ಕೇಳಿದಿರಿ:

"ಆ ಬಾಟ್ಲಿ ಮಡೀಲೆ ತುಂಬೀಯೇನು?"

ಹೌದ್ರೀ.

ನೂರು ವರ್ಷ ಬಾಳಿರಿ ಎಂದು ನಿಮ್ಮನ್ನು ಹರಸುವಷ್ಟು ಇವತ್ತು ನಾನು ದೊಡ್ಡವಳಾಗಿದ್ದೇನೆ. ಬೆಳಿಗ್ಗೆ ಬೇಗ ಏಳಬೇಕು, ಮಲಗುತ್ತೇನೆ.

ನಿಮ್ಮ ಖರೇ ಸೊಸೆ,
ಗೌತಮಿ