ಓಡಿಸಿ ತೋರಿಸಿದ್ದೇ ತಪ್ಪಾಯಿತು

ವಿದ್ಯುತ್ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಮನೆಗೆ ಮೂರು ಫೇಸ್ ವಿದ್ಯುತ್ ಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ಈಗ ಎಲ್ಲರಿಗೂ ಕೇಳಿಸುವಂತೆ ಬರೆಯುತ್ತಿದ್ದೇನೆ. ನಮ್ಮ ಮರಗೆಲಸದ ಯಂತ್ರ ಸಿಂಗಲ್ ಫೇಸಿನಲ್ಲೇ ಓಡುತ್ತಿದೆ, ಆದ್ದರಿಂದ ಅಗತ್ಯ ಕಂಡುಬರುವುದಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅದು ಹೇಗೆ ಓಡುತ್ತಿತ್ತು ಎಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಓಡಿಸುತ್ತಿದ್ದವಳು ನಾನೇ.

ನನ್ನ ಗಂಡ ಬಡಗಿ. ಹತ್ತರಿ ಹಿಡಿದು ಹಲಗೆ ಕೀಸಿ ಕೀಸಿ ಅವರ ಬಲಭುಜ ಸವೆದುಹೋಗಿದೆ. ಇನ್ನೂ ಕೈಯಲ್ಲೇ ಕೀಸಿದರೆ ತೋಳು ಎತ್ತಲಾಗುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ, ಮುಚ್ಚಿದ ಕಾರ್ಖಾನೆಯೊಂದರಿಂದ ಹಲಗೆ ಕೀಸುವ ಹಳೆಯ ಪ್ಲೇನರ್ ಯಂತ್ರ ತಂದೆವು. ಅದನ್ನು ಅಡುಗೆಮನೆಯ ಹಿಂದಿನ ಕೋಣೆಗೆ ಸೇರಿಸಲು ಬಾಗಿಲ ಚೌಕಟ್ಟನ್ನೇ ಕೀಳಬೇಕಾಯಿತು. ಅದಕ್ಕೆ ಮೂರು ಫೇಸ್ ಬೇಕು, ನಮಗಿರುವುದು ಒಂದೇ ಎಂದು ಗೊತ್ತಿತ್ತು. ಕೇಳಿದರೆ ಕೊಡುತ್ತಾರೆ ಎಂದುಕೊಂಡಿದ್ದೆವು. ಮೂರೂ ತಂತಿಗಳು ನಮ್ಮ ಗೋಡೆಯ ಪಕ್ಕದ ಕಂಬದವರೆಗೆ ಬಂದು ನಿಂತಿವೆಯಲ್ಲ.

ಒಂದೇ ಫೇಸಿನಲ್ಲಿ ಬರೀ ಸ್ವಿಚ್ ಹಾಕಿದರೆ ಆ ಮೋಟರು ಗುಂಯ್‌ಗುಡುತ್ತದೆ, ಅಲ್ಲಾಡುವುದಿಲ್ಲ. ಅದರ ಚಕ್ರಕ್ಕೆ ಹಗ್ಗ ಸುತ್ತಿ ನಾನು ಎಳೆಯಬೇಕು, ತಿರುಗತೊಡಗಿದ ಕೂಡಲೇ ಅವರು ಸ್ವಿಚ್ ಹಾಕಬೇಕು. ಒಮ್ಮೆ ನಾನು ಹಗ್ಗವನ್ನು ಉಲ್ಟಾ ಸುತ್ತಿದ್ದಕ್ಕೆ ಯಂತ್ರವೂ ಉಲ್ಟಾ ತಿರುಗಿತು. "ನೋಡು, ಇದೂ ನನ್ನ ಹಾಗೇ. ನೀನು ಎಳೆದ ಕಡೆ ಹೋಗತ್ತೆ" ಎಂದು ಅವರು ನಕ್ಕಿದ್ದರು.

ತಮ್ಮ ಅಧಿಕಾರಿ ಬಂದವರು "ಎಲ್ಲಿ, ಓಡಿಸಿ ನೋಡೋಣ" ಎಂದರು. ಓಡಲ್ಲ ಎಂದು ಕೈಕಟ್ಟಿ ನಿಂತಿದ್ದರೆ ಸಾಕಿತ್ತು. ಆದರೆ ದೊಡ್ಡವರ ಮುಂದೆ ನಮಗೆ ಮರ್ಯಾದೆಯ ಪ್ರಶ್ನೆ. ಉಸಿರು ಬಿಗಿಹಿಡಿದು ಎಳೆದೆ. ದಿನಾ ಸತಾಯಿಸುವ ಯಂತ್ರ ಅಂದು ಮೊದಲ ಎಳೆತಕ್ಕೇ ಸರ್ರನೆ ಓಡಿತು. ಇವರು ಹಿಗ್ಗಿನಲ್ಲಿ ತೆಳ್ಳನೆಯ ಹಲಗೆಯೊಂದನ್ನು ಕೀಸಿಯೂ ತೋರಿಸಿದರು.

"ಚೆನ್ನಾಗೇ ಓಡ್ತಿದೆಯಲ್ಲ, ಇನ್ನೇನು ಬೇಕು ನಿಮಗೆ?"

"ಸರ್, ದಪ್ಪ ಹಲಗೆ ಕೊಟ್ರೆ ನಿಂತ್ಬಿಡತ್ತೆ. ಮೋಟರ್ ಮುಟ್ಟಿ ನೋಡಿ, ಆಗಲೇ ಸುಡ್ತಿದೆ" ಎಂದೆ.

"ಸುಡ್ತಿದೆ ಅಂದ್ರೆ ಕರೆಂಟ್ ಸರಿಯಾಗಿ ಬರ್ತಿದೆ ಅಂತ" ಎಂದು ಅಧಿಕಾರಿ ಶೂ ಮೇಲಿನ ಮರದ ಹೊಟ್ಟು ಕೊಡವಿಕೊಂಡು ಹೊರಟರು.

ಮಾನ್ಯರೇ, ಕುಂಟುತ್ತ ಬಂದವನನ್ನು ನಡೆಯುತ್ತಿದ್ದೀಯಲ್ಲ ಎಂದು ಆಸ್ಪತ್ರೆಯಿಂದ ವಾಪಸು ಕಳಿಸುತ್ತಾರೆಯೇ? ಕಾಲು ಪೂರ್ತಿ ಹೋದ ಮೇಲೆ ಬಾ ಎನ್ನುತ್ತಾರೆಯೇ?

ಕಳೆದ ವಾರ ಮೋಟರು ಸುಟ್ಟುಹೋಯಿತು. ಒಪ್ಪಿಕೊಂಡ ಬಾಗಿಲುಗಳನ್ನು ಮುಗಿಸಿಕೊಡಬೇಕಲ್ಲ, ಗಂಡ ಮತ್ತೆ ಹತ್ತರಿ ಹಿಡಿದಿದ್ದಾರೆ. ಬಯ್ದರೆ "ಎಡಗೈಲಿ ಒತ್ತಿ ಹಿಡೀತೀನಿ ಬಿಡು" ಎನ್ನುತ್ತಾರೆ. ಬೆಳಿಗ್ಗೆ ಅಂಗಿಯ ತೋಳಿಗೆ ಬಲಗೈ ತೂರಿಸಲು ನನ್ನನ್ನು ಕರೆಯುತ್ತಾರೆ. ನಾನು ತೂರಿಸಿ, ಗುಂಡಿ ಹಾಕಿ, ಅದೇ ಕೆಲಸಕ್ಕೆ ಕಳಿಸುತ್ತೇನೆ. ನನಗೆ ಇದನ್ನು ನೋಡಲೂ ಆಗುವುದಿಲ್ಲ, ತಡೆಯಲೂ ಆಗುವುದಿಲ್ಲ.

ಆದ್ದರಿಂದ ತಮ್ಮ ಅಧಿಕಾರಿಯನ್ನು ಇನ್ನೊಮ್ಮೆ ಕಳಿಸಿ. ತಮಗೆ ಕಂಡುಬರದಿದ್ದ ಅಗತ್ಯ ಈಗ ಧಾರಾಳವಾಗಿ ಕಂಡುಬರುತ್ತದೆ. ಮೋಟರನ್ನು ನಾವು ಹೇಗಾದರೂ ಸರಿಮಾಡಿಸುತ್ತೇವೆ, ಕಂಬದಿಂದ ಗೋಡೆಯವರೆಗೆ ತಂತಿ ಎಳೆಸಿಕೊಡಿ. ಅವರು ಬಂದಾಗ ನನ್ನ ಗಂಡ ಹಲ್ಲುಕಚ್ಚಿ ಹಲಗೆ ಕೀಸುತ್ತಿರುತ್ತಾರೆ. ಇವರೂ ಚೆನ್ನಾಗೇ ಓಡುತ್ತಿದ್ದಾರೆ ಎಂದು ಮಾತ್ರ ದಯವಿಟ್ಟು ಬರೆದುಕೊಂಡು ಹೋಗದಿರಲಿ.

ಇಂತಿ,
ಸುಮ್ಮನೆ ಕೈಕಟ್ಟಿ ನಿಲ್ಲಲು ಬಾರದ,
ಬಡಗಿಯ ಹೆಂಡತಿ