ಅಕ್ಕನ ಪಾಲಿನ ಮಾತ್ರೆ

ಮಂಗಳವಾರ, ನವೆಂಬರ್ ೧೨

ನನ್ನ ಪ್ರೀತಿಯ ಅಕ್ಕ,

ಕಾಲು ಹೇಗಿದೆ ಎಂದು ಕೇಳುವುದಿಲ್ಲ. ಭಾವ ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿದರು. ಎರಡು ಬೆರಳು ಹೋದರೇನಂತೆ, ಇನ್ನು ಚಪ್ಪಲಿ ಕಚ್ಚಲ್ಲ ಬಿಡಿ ಅಂತ ನರ್ಸಿಗೇ ಸಮಾಧಾನ ಹೇಳಿದೆಯಂತೆ. ಅದನ್ನು ಹೇಳುತ್ತ ಭಾವ ನಗಲು ಹೋಗಿ ಅತ್ತುಬಿಟ್ಟರು. ನಾನೂ ಅತ್ತೆ. ನಿನ್ನನ್ನು ನೋಡಬೇಕೆಂದು ಹಟ ಹಿಡಿದದ್ದಕ್ಕೆ, ಕೀಮೋ ತಗೊಳ್ಳೋರು ಗಾಯದ ವಾರ್ಡಿಗೆ ಕಾಲಿಡಕೂಡದು ಎಂದು ನನಗೆ ಕೀಮೋ ಕೊಡುವವರು ಗದರಿದರು. ಅದಕ್ಕೇ ಈ ಕಾಗದ. ಭಾವ ತಂದು ಕೊಡುತ್ತಾರೆ, ನೀನೊಬ್ಬಳೇ ಓದು.

ಅಕ್ಕ, ನನಗೆ ಗೊತ್ತಾಗಿದೆ. ಕದ್ದು ಸಿಹಿ ತಿಂದೆ, ಅದಕ್ಕೇ ಸಕ್ಕರೆ ಏರಿತು ಎಂದು ಮನೆಮಂದಿಗೆಲ್ಲ ಹೇಳಿದ್ದೀಯ. ಹನ್ನೆರಡು ವರ್ಷದಿಂದ ಟೀಗೆ ಚಿಟಿಕೆ ಸಕ್ಕರೆಯನ್ನೂ ಹಾಕಿಕೊಳ್ಳದವಳು ನೀನು. ಹೇಳುವುದೇ ಆದರೆ ನಂಬುವಂಥ ಸುಳ್ಳನ್ನಾದರೂ ಹೇಳಬಾರದಿತ್ತೇ?

ಸಕ್ಕರೆ ಕಾಯಿಲೆಯ ಮಾತ್ರೆ ಅಂಡಾಶಯದ ಕ್ಯಾನ್ಸರಿಗೂ ಆದೀತೇ ಎಂದು ನೋಡುವ ಪ್ರಯೋಗಕ್ಕೆ ನಾನು ಸಹಿ ಹಾಕಿದ ದಿನ ನೀನು ಪಕ್ಕದಲ್ಲೇ ಕುಳಿತಿದ್ದೆ. ಕೀಮೋ ಜೊತೆಗೆ ಅರ್ಧ ಜನರಿಗೆ ಆ ಮಾತ್ರೆ, ಅಂದರೆ ಮೆಟ್‌ಫಾರ್ಮಿನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ ಮದ್ದಿಲ್ಲದ ಮಾತ್ರೆ. ಯಾರ ಬಾಟಲಿಯಲ್ಲಿ ಯಾವುದಿದೆ ಎಂದು ಕೊಡುವ ತನಗೂ ತಿಳಿಯದು ಎಂದರು ಡಾಕ್ಟರಮ್ಮ. ನೀನು ಜಗಳಕ್ಕೇ ನಿಂತೆ. ನಾನು ದಿನಾ ಎರಡು ನುಂಗೋ ಮಾತ್ರೆ ಅದು, ನನ್ನ ತಂಗಿಗೆ ಕೊಡೋಕೂ ಚೀಟಿ ಎತ್ತಬೇಕಾ ಎಂದು. ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗಿದೆ. ನಮ್ಮ ಬೀದಿಯ ತಿರುವಿಗೆ ಬಂದಾಗ ಇದ್ದಕ್ಕಿದ್ದಂತೆ ಸುಮ್ಮನಾದೆ. ನೀನು ಸುಮ್ಮನಾದಾಗಲೇ ನಾನು ಹೆದರಬೇಕಿತ್ತು.

ಮುಂದಿನ ಭಾನುವಾರದಿಂದ ನನ್ನ ವಾರದ ಡಬ್ಬಿಗೆ ಮಾತ್ರೆ ತುಂಬುವ ಕೆಲಸವನ್ನು ನೀನೇ ಮೈಮೇಲೆ ಹಾಕಿಕೊಂಡೆ. ಪ್ರಯೋಗದ ಬಾಟಲಿಯ ಹದಿನಾಲ್ಕು ನಿನ್ನ ಪರ್ಸಿಗೆ, ನಿನ್ನ ಹದಿನಾಲ್ಕು ನನ್ನ ಡಬ್ಬಿಗೆ. ನಿನಗೆ ಔಷಧಿ ಕೌಂಟರಿನಲ್ಲಿ ತಿಂಗಳಿಗೆ ಅರವತ್ತರ ಮೇಲೆ ಒಂದೂ ಕೊಡುವುದಿಲ್ಲ. ಎರಡೂ ಬಗೆಯದನ್ನು ನನಗೇ ನುಂಗಿಸಿದರೆ ಹೆಚ್ಚಾದೀತೆಂಬ ಭಯ ಬೇರೆ. ಅದಕ್ಕೆ ಅದಲು ಬದಲು. ಬಾಟಲಿಯಲ್ಲಿರುವುದು ನಿಜವಾದದ್ದಾದರೆ ಇಬ್ಬರಿಗೂ ತೊಂದರೆಯಿಲ್ಲ, ಮದ್ದಿಲ್ಲದ್ದಾದರೆ ಅದು ನಿನಗಿರಲಿ. ಇಷ್ಟೇ ತಾನೇ ನಿನ್ನ ತರ್ಕ? ಚಿಕ್ಕಂದಿನಲ್ಲಿ ತಟ್ಟೆಯಲ್ಲಿದ್ದ ಸೀದ ತುಂಡನ್ನು ನೀನು ಎತ್ತಿಕೊಳ್ಳುತ್ತಿದ್ದುದೂ ಹೀಗೆಯೇ.

ಕಳೆದ ಗುರುವಾರ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನಾನೇ ಬಾಟಲಿ ಬಗ್ಗಿಸಿದೆ. ಅದರ ಮಾತ್ರೆಯ ಅಂಚು ಚೂಪು. ಡಬ್ಬಿಯಲ್ಲಿ ಉಳಿದಿದ್ದವುಗಳ ಅಂಚು ದುಂಡು, ನಿನ್ನ ಮಾತ್ರೆಯ ಹಾಗೆ. ಮಾತ್ರೆ ಕಾರ್ಖಾನೆಯ ಬೆಲ್ಟಿನ ಮುಂದೆ ಹತ್ತೊಂಬತ್ತು ವರ್ಷ ಕುಳಿತು ಮುಕ್ಕಾದದ್ದು, ಮಚ್ಚೆ ಬಿದ್ದದ್ದು ಎಲ್ಲವನ್ನೂ ಆರಿಸಿ ತೆಗೆದವಳು ನಾನು. ಆಗ ಗೊತ್ತಾಯಿತು.

ನಿನ್ನೆ ಡಾಕ್ಟರಮ್ಮನಿಗೆ ನೀನು ಮಾಡಿದ್ದನ್ನು ಹೇಳಿದೆ. ಬೈಯಲಿಲ್ಲ. ಮೊದಲು ನಿನ್ನ ವಾರ್ಡು ಯಾವುದೆಂದು ಕೇಳಿ ಫೋನ್ ಎತ್ತಿಕೊಂಡರು. ಪ್ರಯೋಗ ನಡೆಸುವವರಿಂದ ನನ್ನ ಬಾಟಲಿಯ ಗುಟ್ಟನ್ನೂ ತಿಳಿದುಕೊಂಡರು, ಅದರಲ್ಲಿದ್ದದ್ದು ಮದ್ದಿಲ್ಲದ್ದೇ. ನಿನ್ನ ಮೈಗೆ ಆ ಮಾತ್ರೆ ನಾಟುವುದೇ ನಿಂತಿದೆ ಎಂದು ಅಲ್ಲಿಯವರು ತಿಳಿದಿದ್ದರಂತೆ. ನೀನು ಮೂರು ತಿಂಗಳಿಂದ ಅದನ್ನು ನುಂಗಿಯೇ ಇಲ್ಲ ಎಂದು ಈಗ ಅವರಿಗೆ ಗೊತ್ತು. ಸಕ್ಕರೆ ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಮಾಯದಿದ್ದರೆ ಪಾದವನ್ನೇ ತೆಗೆಯಬೇಕಾದೀತಂತೆ. ಆದ್ದರಿಂದ ಸಿಹಿಯ ಕಥೆ ಇಲ್ಲಿಗೆ ಸಾಕು. ಅವರು ಕೇಳಿದ್ದಕ್ಕೆಲ್ಲ ನಿಜ ಹೇಳು. ಕೊಟ್ಟದ್ದನ್ನೆಲ್ಲ ನೀನೇ ನುಂಗು.

ನನ್ನ ಸ್ಕ್ಯಾನೂ ಬಂತು. ಗಡ್ಡೆ ಕರಗಿಲ್ಲ, ಬೆಳೆದಿದೆ. ಹೊಟ್ಟೆಯಲ್ಲಿ ಮತ್ತೆ ನೀರು ತುಂಬುತ್ತಿದೆ. ಹಾಗಾದರೆ ಆ ಮಾತ್ರೆಯಿಂದ ಏನೂ ಆಗಲ್ವಾ ಎಂದು ಕೇಳಿದೆ. ಒಬ್ಬರನ್ನು ನೋಡಿ ಹಾಗೆ ಹೇಳೋಕಾಗಲ್ಲಮ್ಮ, ಅದಕ್ಕೇ ಇಷ್ಟೊಂದು ಜನ ಬೇಕಾಗಿರೋದು ಎಂದರು. ಮಾತ್ರೆ ಅದಲು ಬದಲಾದ ಮೇಲೆ ನನ್ನದು ಹೇಗೂ ಇನ್ನು ಲೆಕ್ಕಕ್ಕಿಲ್ಲ. ನನಗಾಗದಿದ್ದರೂ ನಿನ್ನ ಮಗಳ ಕಾಲಕ್ಕೆ ಒಂದು ದಾರಿ ಗೊತ್ತಾಗಲಿ ಎಂದು ಸಹಿ ಹಾಕಿದ್ದೆ. ಅದೂ ಕೈತಪ್ಪಿತು. ಅದಕ್ಕೆ ನನಗೆ ತುಂಬಾ ದುಃಖವಾಗಿದೆ ಅಕ್ಕ, ಸ್ಕ್ಯಾನಿಗಿಂತ ಹೆಚ್ಚು.

ನಿನ್ನನ್ನು ಚೆನ್ನಾಗಿ ಬೈಯಬೇಕೆಂದೇ ಬರೆಯಲು ಕುಳಿತಿದ್ದೆ. ಬೈಗುಳ ಒಂದೂ ಬರುತ್ತಿಲ್ಲ. ಬೇಗ ಎದ್ದು ಓಡಾಡುವಂತಾಗು. ನಾನು ಇರುವಷ್ಟರಲ್ಲಿ ಒಂದು ಸಲ ನಡೆದು ಬಾ, ಸಾಕು.

ನಿನ್ನ ಕೈತುತ್ತಿನಲ್ಲೇ ಬೆಳೆದವಳು,
ಮೊಂಡಿ

ತಾ.ಕ.: ಸಹಿ ಹಾಕಿ ಎದ್ದವಳು ಮತ್ತೆ ಬಂದು ಕುಳಿತೆ. ಗುರುವಾರ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಡಾಕ್ಟರಮ್ಮನಿಗೂ ಹಾಗೆಯೇ ಹೇಳಿದ್ದೇನೆ. ಮೊದಲ ವಾರವೇ, ಮಾತ್ರೆ ಅಂಗೈಗೆ ಬಿದ್ದ ಕೂಡಲೇ ಗೊತ್ತಾಗಿತ್ತು. ಅದು ನಿನ್ನದೆಂದೂ, ನೀನು ಏನನ್ನು ನುಂಗುತ್ತಿರಬಹುದೆಂದೂ. ನಿನಗೆ ಫೋನ್ ಮಾಡಲು ಎದ್ದೆ. ಮಾಡಲಿಲ್ಲ. ಆ ಮಾತ್ರೆ ನುಂಗಿದೆ, ಆಮೇಲೆ ದಿನವೂ ನುಂಗಿದೆ. ನೀನು ಕುಂಟುತ್ತ ಬಂದು ಡಬ್ಬಿ ತುಂಬಿಸಿ ಹೋದ ಭಾನುವಾರವೂ ನುಂಗಿದೆ. ನನಗೆ ಬದುಕಬೇಕಿತ್ತು, ಅಕ್ಕ.